ಮೊರಿಯಾರ್ಟಿ ಪಾತ್ರಕ್ಕ ಯಾರನ್ನ ಹಾಕೂದು? ದನಿ ಇರೂ ಹಿರೇರೋ, ಗಣಿತದ ಸರ್ರೋ?

ಕೌಲ್‌ಬಜಾರ್ ರಂಗದವ (ಬಳ್ಳಾರಿ)
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಹವ್ಯಾಸಿ ತಂಡದಿಂದ ಷರ್ಲಾಕ್ ಹೋಮ್ಸ್ ನಾಟಕ ಮಾಡಾಕತ್ತೀವಿ, 1893ರಾಗ ಬಂದ ಕತಿ ಐತಲ್ರಿ, ಪತ್ತೇದಾರ ಹೋಮ್ಸ್ ಮತ್ತ ಅವನ ವೈರಿ, ಗಣಿತದ ಪ್ರೊಫೆಸರ್ ಮೊರಿಯಾರ್ಟಿ ಸ್ವಿಟ್ಜರ್ಲೆಂಡಿನ ಜಲಪಾತದ ಹತ್ರ ಎದುರುಬದ್ರಾಗೂದು, ಅದು. ಹೋಮ್ಸ್ ಸಿಕ್ಕಾನ, ವಾಟ್ಸನ್ ಸಿಕ್ಕಾನ, ಮೊರಿಯಾರ್ಟಿ ಮ್ಯಾಲೆ ಬಂದು ನಿಂತೈತಿ. ಒಬ್ರು ನಮ್ಮ ತಂಡದ ಹಿರೇರು, ದುರ್ಯೋಧನ ಮಾಡಿದ್ರ ಜನ ಸಿಳ್ಳಿ ಹೊಡೀತಾರ, ಮೈಕ್ ಇಲ್ದಿದ್ರೂ ಕಡೀ ಸಾಲಿಗೆ ಮುಟ್ಟೂ ದನಿ, ಮೀಸಿ, ಮೈಕಟ್ಟು ಎಲ್ಲಾ ಐತಿ. ಇನ್ನೊಬ್ರು ಪಿಯು ಕಾಲೇಜಿನಾಗ ಗಣಿತ ಹೇಳ್ತಾರ, ಉದ್ದಕ, ಸಣಕಲು, ಮಾತು ಮೆಲ್ಲಕ, ಸ್ಟೇಜಿಗೆ ಹೊಸಬ್ರು. ತಂಡದವ್ರೆಲ್ಲಾ ಹಿರೇರ ಕಡೆ ಅದಾರ, ನನ್ನ ಮನಸು ಸರ್ ಕಡೆ ಎಳ್ಯಾಕತ್ತೈತಿ ಆದ್ರ ಯಾಕಂತ ಹೇಳಿ ಒಪ್ಪಸಾಕ ಆಗವಲ್ದು. ನಿಮಗೇನನಸ್ತೈತಿ ಹೇಳ್ರಿ.

ಸಿರುಗುಪ್ಪ ಸೀನಣ್ಣ
ಹಿರೇರನ್ನ ಬಿಡಬ್ಯಾಡೋ ತಮ್ಮ. ನಮ್ಮ ಕಡೆ ಜನ ದೊಡ್ಡಾಟ ನೋಡಿ ಬೆಳದವ್ರು, ಖಳ ಅಂದ್ರ ಅಂವ ಕಾಲಿಟ್ಟ ಕೂಡ್ಲೇ ಸ್ಟೇಜ್ ನಡಗಬೇಕು. ವಜ್ರಮುನಿಯವ್ರನ್ನ ಇವತ್ತಿಗೂ ಜನ ನೆನಸೂದು ಆ ಕಣ್ಣಿಗೆ, ಆ ದನಿಗೆ ಅಲ್ಲೇನು? ಮೆಲ್ಲಕ ಮಾತಾಡಾವ್ರನ್ನ ಹಾಕಿದ್ರ ಫ್ಯಾನ್ ಸಪ್ಳ, ಸಣ್ಣ ಹುಡುಗ್ರ ಗದ್ಲದಾಗ ಮೂರನೇ ಸಾಲು ದಾಟೂದಿಲ್ಲ ಅವ್ರ ಮಾತು.

ಗಂಗಾವತಿ ಓದುಗಿ
ಅಣ್ಣಾರ, ದನಿ ವಿಷ್ಯಾ ಖರೆ, ಆದ್ರ ನಾನು ಪೂರ್ತಿ ಗಣಿತದ ಸರ್ ಪರ. ಮೂಲ ಕತಿ ತಗದು ಓದ್ರಿ, ಮೊರಿಯಾರ್ಟಿ ಹೆಂಗದಾನಂತ ಹೋಮ್ಸೇ ಹೇಳ್ತಾನ: ಭಾಳ ಎತ್ತರ, ಭಾಳ ತೆಳ್ಳಗ, ಹಣಿ ಮುಂದ ಉಬ್ಬೈತಿ, ಕಣ್ಣು ಒಳಗ ಹೋಗ್ಯಾವು, ಓದಿ ಓದಿ ಹೆಗಲು ಬಗ್ಗ್ಯಾವು, ಮಾರಿ ನಿಧಾನಕ ಹಾವಿನಂಗ ಆ ಕಡೆ ಈ ಕಡೆ ಆಡ್ತಿರತೈತಿ. ಗಡ್ಡಾ ಮೀಸಿ ಇಲ್ಲ. 21ನೇ ವಯಸ್ಸಿಗೇ ಬೈನಾಮಿಯಲ್ ಥಿಯರಮ್ ಅನ್ನೂ ಗಣಿತದ ಸೂತ್ರದ ಮ್ಯಾಲೆ ಪ್ರಬಂಧ ಬರದು ಅದ್ರ ಮ್ಯಾಲೇ ಪ್ರೊಫೆಸರಿಕಿ ಗಿಟ್ಟಿಸಿದಾಂವ. ತಾನಾಗಿ ಕೈ ಎತ್ತಂಗಿಲ್ಲ, ಯೋಚ್ನಿ ಅವಂದು, ಮಾಡಾವ್ರು ಬ್ಯಾರೆ.

ನಾಟಕ ನಿಲ್ಲೂದು ಒಂದೇ ಸೀನ್ ಮ್ಯಾಲೆ ಅಂತೀನಿ ನಾನು, ಅಂವ ಹೋಮ್ಸನ ರೂಮಿಗೇ ಬರ್ತಾನಲ್ಲ, ಅದು. ಹೋಮ್ಸ್ ಗೌನಿನ ಜೇಬಿನಾಗ ಪಿಸ್ತೂಲ್ ಹಿಡ್ಕೊಂಡಾನ, ಇಂವ ಜೇಬಿಗೆ ಕೈ ಹಾಕಿದ ಕೂಡ್ಲೇ ಹೋಮ್ಸ್ ಪಿಸ್ತೂಲ್ ಎತ್ತತಾನ, ಆದ್ರ ಇಂವ ತಗ್ಯೂದು ಒಂದು ಸಣ್ಣ ನೋಟ್‌ಬುಕ್. ಜನವರಿ 4ಕ್ಕ ನನ್ನ ದಾರಿಗೆ ಅಡ್ಡ ಬಂದಿ, 23ಕ್ಕ ತೊಂದ್ರಿ ಕೊಟ್ಟಿ ಅಂತ ಕಿರಾಣಿ ಅಂಗಡಿ ಉದ್ರಿ ಲೆಕ್ಕ ಓದಿದಂಗ ಓದ್ತಾನ. ಇದನ್ನ ಚೀರಿ ಹೇಳಿದ್ರ ಏನುಳೀತು? ಹೋಮ್ಸ್ ಅಂಜೂದು ತೋಳಿಗಲ್ಲ, ಬುದ್ಧಿಯೊಳಗ ತನಗ ಸರಿಸಮ ಇರಾಂವ ಸಿಕ್ಕಾನಂತ. ಇಬ್ರನ್ನೂ ಕರದು ಈ ಸೀನೇ ಓದಸ್ರಿ, ತಂಡದವ್ರಿಗೆ ತಾವಾಗೇ ತಿಳೀತೈತಿ.

ಇನ್ನೊಂದು ಮಾತು, ಬಿಬಿಸಿ ಸೀರೀಸಿನಾಗ ಮೊರಿಯಾರ್ಟಿ ಮಾಡಿದ ಆಂಡ್ರ್ಯೂ ಸ್ಕಾಟ್‌ನ್ನ ಕಾಪಿ ಹೊಡ್ಯಾಕ ಬಿಡಬ್ಯಾಡ್ರಿ. ಆತ ಅದ್ಭುತ ಮಾಡ್ಯಾನ, 2012ರಾಗ ಬಾಫ್ಟಾ ಪ್ರಶಸ್ತಿನೂ ಬಂತು, ಆದ್ರ ಆ ಕಣ್ಣಿನ ಆಟ ಕ್ಯಾಮೆರಾಕ್ಕ ಸರಿ, ಸ್ಟೇಜಿಗಲ್ಲ. 1985ರ ಟಿವಿ ಕಂತಿನಾಗ ಹೋಮ್ಸ್ ಮಾಡಿದ ಜೆರೆಮಿ ಬ್ರೆಟ್ ಎದುರಿಗೆ ಎರಿಕ್ ಪೋರ್ಟರ್ ಮಾಡ್ಯಾನ ನೋಡ್ರಿ, ಅದು ಮೂಲಕ್ಕ ಭಾಳ ಹತ್ರ.

ರಾಯಚೂರು ಲೈಟ್ಸ್
ನಾನು ಲೈಟು ಸೌಂಡು ನೋಡ್ಕೊಳ್ಳಾಂವ. ಸೀನಣ್ಣಾರ ಚಿಂತಿಗೆ ಕಾಲರ್ ಮೈಕ್ ಐತ್ರಿ, ಆ ಸೀನ್ ಪೂರ್ತಿ ಸ್ಟೇಜಿನ ಮುಂದಿನ ಅಂಚಿಗೆ ತರ್ರಿ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬ್ಯಾಡೇ ಬ್ಯಾಡ. ಅಂವ ಸ್ಟೇಜ್ ಮ್ಯಾಲೆ ಇರೂದೇ ಸ್ವಲ್ಪೊತ್ತು, ವಾಟ್ಸನ್ನಂತೂ ಅವನ್ನ ದೂರದಿಂದ ನೋಡಿದ್ದಷ್ಟ, ಅದಕ್ಕ ಅಂವ ಬರೂಕಿಂತ ಮೊದ್ಲೇ ಹೋಮ್ಸನ ಮಾತಿನಾಗ ಜನಕ್ಕ ಅಂಜಿಕಿ ಹುಟ್ಟಬೇಕು, ಹೋಮ್ಸ್ ಮಾಡಾವ್ರಿಗೆ ಅದನ್ನ ಒತ್ತಿ ಹೇಳ್ರಿ.

ಮತ್ತ ಹಿರೇರಿಗೆ ಕರ್ನಲ್ ಮೋರನ್ ಕೊಡ್ರಿ! ಮೊರಿಯಾರ್ಟಿ ಬಲಗೈ ಬಂಟ, ದೊಡ್ಡ ಮೀಸಿ, ಹುಲಿ ಬೇಟಿ ಆಡಿದಾಂವ, ಕತಿಯೊಳಗ ಅಂವ ಬೆಂಗಳೂರು ಪಯನೀರ್ಸ್ ಅನ್ನೂ ಪಲ್ಟನ್‌ನ್ಯಾಗ ಇದ್ದಾಂವ ಅಂತೇ ಐತಿ. ಪ್ರೊಫೆಸರನ ಕಾಲೇಜು ಪಗಾರ ವರ್ಷಕ್ಕ 700 ಪೌಂಡ್, ಅಂವ ಮೋರನ್‌ಗೆ ಕೊಡ್ತಿದ್ದದ್ದು 6,000. ಮೋರನ್ ಬರೂದು 1903ರ ಮುಂದಿನ ಕತಿಯಾಗ, ಆದ್ರ ನಾಟಕಕ್ಕ ಮುಂಚೇ ತಂದ್ರ ಏನೂ ಕೆಡಂಗಿಲ್ಲ.

ಸಿರುಗುಪ್ಪ ಸೀನಣ್ಣ
ಮೋರನ್ ಆದ್ರ ನನ್ನ ತಕರಾರಿಲ್ಲ, ಆ ದನಿ ಮಾತ್ರ ಸುಮ್ನ ಕುಂದ್ರಸಬ್ಯಾಡ್ರಿ.

ಕೌಲ್‌ಬಜಾರ್ ರಂಗದವ (ಬಳ್ಳಾರಿ)
ಎಲ್ಲಾರಿಗೂ ಶರಣ್ರಿ. ಹಿರೇರಿಗೆ ಫೋನ್ ಹಚ್ಚಿ ಮೋರನ್ ವಿಷ್ಯಾ ಹೇಳಿದೆ, ಬೆಂಗಳೂರು ಪಲ್ಟನ್ ಅಂದ ಕೂಡ್ಲೇ ಒಪ್ಪಿದ್ರು. ಐತವಾರ ರಿಹರ್ಸಲ್‌ನ್ಯಾಗ ಸರ್ ಕಡಿಂದ ನೋಟ್‌ಬುಕ್ ಸೀನ್ ಓದಸ್ತೀನಿ. ಅವ್ರ ಅಳತಿಗೆ ಉದ್ದನ್ನ ಕರಿ ಕೋಟು ಬೇಕಾಗೇತಿ, ನಮ್ಮ ಬಳ್ಳಾರಿಯಾಗ ಡ್ರೆಸ್ ಬಾಡಿಗಿ ಕೊಡಾವ್ರ ಹತ್ರ ಬರೇ ರಾಜ್ರ ಪೋಷಾಕು ಅದಾವು, ರಾಯಚೂರು ಕೊಪ್ಪಳ ಕಡೆ ಯಾರ ಹತ್ರರ ಇದ್ರ ತಿಳಸ್ರಿ.