ಕುಂಬಳೆ ಚಿಕ್ಕಮ್ಮನ ಪ್ರಶ್ನೆಗೆ: ಮಕ್ಕಳ ಖರ್ಚು ಮತ್ತು ಭೇಟಿ

ಚಿಕ್ಕಮ್ಮ, ನಿಮ್ಮ ಮೆಸೇಜು ಪೂರ್ತಿ ಕೇಳಿದೆ. ಮಗಳು ನಾಲ್ಕು ವರ್ಷದ್ದು, ಒಂಬತ್ತು ವರ್ಷದ್ದು ಎರಡು ಮಕ್ಕಳನ್ನು ಕಟ್ಟಿಕೊಂಡು ನಿಮ್ಮಲ್ಲಿದ್ದಾಳೆ. ಅಳಿಯ ಮಂಗಳೂರಿನಲ್ಲಿ, ಮಕ್ಕಳನ್ನು ಕಳಿಸದಿದ್ದರೆ ದುಡ್ಡಿಲ್ಲ ಅಂತ ಅವನ ಹಠ. ದುಡ್ಡು ಬರುವ ತನಕ ಮಕ್ಕಳನ್ನು ತೋರಿಸ್ಬೇಡಿ ಅಂತ ಗ್ರೂಪಿನಲ್ಲಿ ಒಬ್ಬರು ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಖರ್ಚು ಬೇರೆ, ಭೇಟಿ ಬೇರೆ, ಎರಡೂ ಮಕ್ಕಳ ಹಕ್ಕು. ಮಕ್ಕಳನ್ನು ನೋಡಲು ಬಿಡಲಿಲ್ಲ ಅಂತ ಅವನು ಖರ್ಚು ನಿಲ್ಲಿಸುವ ಹಾಗಿಲ್ಲ. ನಾವು ಮಕ್ಕಳನ್ನು ಅಡಗಿಸಿಟ್ಟರೆ ಕಸ್ಟಡಿ (ಮಕ್ಕಳು ಯಾರ ಹತ್ತಿರ ಇರ್ಬೇಕು ಅನ್ನುವ) ಕೇಸಿನಲ್ಲಿ ಅವನ ವಕೀಲರು ಮೊದಲು ಎತ್ತುವುದು ಅದನ್ನೇ.

ಮೊದಲ ಕೆಲಸ, ಜೀವನಾಂಶದ ಅರ್ಜಿ. ಹಿಂದೆ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯೆಯ ಹಳೆ ಕಾಯಿದೆ) 125ನೇ ಸೆಕ್ಷನ್ ಇತ್ತಲ್ಲ, 2024 ಜುಲೈ 1ರಿಂದ ಅದು ಹೊಸ ಕಾಯಿದೆ ಬಿಎನ್‌ಎಸ್‌ಎಸ್ 144. ಬೇಗ ಹಾಕ್ಬೇಕು. ಅರ್ಜಿ ಹಾಕಿದ ದಿನದಿಂದ ಜೀವನಾಂಶ ಲೆಕ್ಕ ಅಂತ 2020ರ ರಜನೇಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ರಾಜಿ ಆಗ್ತದೆ ಅಂತ ಆರು ತಿಂಗಳು ಕಾದರೆ ಆ ಆರು ತಿಂಗಳು ಲೆಕ್ಕದಿಂದ ಹೊರಗೆ. ಅರ್ಜಿ ಹಾಕಿದ ಮೇಲೂ ರಾಜಿ ಮಾತಾಡ್ಲಿಕ್ಕೆ ಆಗ್ತದೆ. ಮಂಗಳೂರಿಗೆ ಅಲೆಯುವುದು ಬೇಡ, ಮಗಳು ವಾಸ ಇರುವಲ್ಲಿ, ಅಂದ್ರೆ ಕೇರಳದ ಕಾಸರಗೋಡು ಫ್ಯಾಮಿಲಿ ಕೋರ್ಟಿನಲ್ಲೇ ಹಾಕ್ಬಹುದು. ವಕೀಲರ ಫೀಸಿನ ಚಿಂತೆಯೂ ಬೇಡ. ವಿದ್ಯಾನಗರದ ಕೋರ್ಟ್ ಕಾಂಪ್ಲೆಕ್ಸಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಂಟು. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರನ್ನು ಉಚಿತವಾಗಿ ಕೊಡ್ತಾರೆ. ಫೋನಿನಲ್ಲಿ ಕೇಳುವುದಾದರೆ 15100.

ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶಕ್ಕೂ, ಅಂದ್ರೆ ಕೇಸು ಮುಗಿಯುವ ತನಕದ ಖರ್ಚಿಗೂ, ಕೇಳ್ಬೇಕು. ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ಅದನ್ನು ತೀರ್ಮಾನಿಸ್ಬೇಕು ಅಂತ ಕಾನೂನಿನಲ್ಲೇ ಉಂಟು. ಹೆಚ್ಚಿನ ಕೇಸು ಸಿಕ್ಕಿಬೀಳುವುದು ನೋಟಿಸ್ ತಲುಪದೆ. ಅವನ ಬಾಡಿಗೆ ಮನೆ, ಕೆಲಸದ ಜಾಗ, ತಂದೆ-ತಾಯಿ ಮನೆ, ಮೂರೂ ವಿಳಾಸ ಕೊಡಿ.

ಇನ್ನು ಅಫಿಡವಿಟ್, ಅಂದ್ರೆ ಕೋರ್ಟಿಗೆ ಪ್ರಮಾಣ ಮಾಡಿ ಕೊಡುವ ಹೇಳಿಕೆ. ಆದಾಯ, ಆಸ್ತಿ, ಸಾಲ, ಖರ್ಚು ಇಬ್ಬರೂ ಬರೆದುಕೊಡ್ಬೇಕು. ನಮ್ಮವರು ಎಡವುವುದು ಇಲ್ಲೇ. ಮಕ್ಕಳಿಗೆ ತಿಂಗಳಿಗೆ 20,000 ಬೇಕು ಅಂತ ದುಂಡಗೆ ಬರೆದರೆ ನಿಲ್ಲುದಿಲ್ಲ, ಒಡೆದು ಬರೀಬೇಕು. ಶಾಲೆ ಫೀಸು ವರ್ಷಕ್ಕೆ 24,000 ಆದರೆ ತಿಂಗಳಿಗೆ 2,000. ವ್ಯಾನಿಗೆ 1,200ರ ಹಾಗೆ ಹತ್ತು ತಿಂಗಳು ಕೊಡುವುದಾದರೆ ವರ್ಷಕ್ಕೆ 12,000, ತಿಂಗಳಿಗೆ 1,000. ಜೂನ್‌ನ ಯೂನಿಫಾರ್ಮು, ಪುಸ್ತಕ, ಕೊಡೆ, ಮಳೆಗಾಲದ ಜ್ವರಕ್ಕೆ ಡಾಕ್ಟರ್, ಮದ್ದು, ಎಲ್ಲದಕ್ಕೂ ಚೀಟಿ ಇಟ್ಟುಕೊಳ್ಳಿ. ಮಗಳು ಹೊಲಿಗೆಯಿಂದ ಏನಾದರೂ ಸಂಪಾದಿಸ್ತಿದ್ದರೆ ಮುಚ್ಚಿಡ್ಬೇಡಿ. ಅವಳ ಗೂಗಲ್ ಪೇ ವಿವರವನ್ನು ಅವನು ತಂದು ಕೋರ್ಟಿಗೆ ತೋರಿಸಿದರೆ, ನಿಜವಾದ ಖರ್ಚನ್ನೂ ಯಾರೂ ನಂಬುದಿಲ್ಲ. ಅಫಿಡವಿಟ್ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರ್ತದೆ, ಸಹಿಗಿಂತ ಮೊದಲು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕನ್ನಡದ ದಾಖಲೆಗಳಿಗೆ ಅನುವಾದ ಮಾಡಿಸಿಟ್ಟರೆ ಒಂದು ವಾಯಿದೆ (ಕೋರ್ಟಿಗೆ ಹೋಗುವ ದಿನ) ಉಳೀತದೆ.

ಅವನು ಮಂಗಳೂರಿನಲ್ಲಿ ಕಸ್ಟಡಿ ಕೇಸು ಹಾಕಿ ನೋಟಿಸ್ ಬಂದರೆ ಖಂಡಿತ ಸುಮ್ಮನೆ ಕೂರ್ಬೇಡಿ. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶ ಆಗಿಬಿಡ್ತದೆ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯಿದೆ ಪ್ರಕಾರ ಮಗು ಸಾಮಾನ್ಯವಾಗಿ ವಾಸ ಇರುವ ಜಾಗದ ಕೋರ್ಟಿಗೇ ಅಧಿಕಾರ. ಅದನ್ನು ಮೊದಲ ವಾಯಿದೆಯಲ್ಲೇ ಹೇಳ್ಬೇಕು. ಶಾಲೆಯ ಸರ್ಟಿಫಿಕೇಟು, ಚುಚ್ಚುಮದ್ದಿನ ಕಾರ್ಡು, ಇವೇ ಸಾಕ್ಷಿ. ಕೇಸನ್ನೇ ಇಲ್ಲಿಗೆ ವರ್ಗ ಮಾಡಿಸ್ಬೇಕಾದರೆ, ಎರಡು ರಾಜ್ಯದ ವಿಷಯ ಆದ್ದರಿಂದ ಸುಪ್ರೀಂ ಕೋರ್ಟಿಗೇ ಹೋಗ್ಬೇಕಾಗ್ತದೆ. ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರ್ಬೇಕು ಅಂತ 1956ರ ಹಿಂದೂ ಮೈನಾರಿಟಿ ಆ್ಯಂಡ್ ಗಾರ್ಡಿಯನ್‌ಶಿಪ್ ಕಾಯಿದೆ ಹೇಳ್ತದೆ. ದೊಡ್ಡವನನ್ನು ನ್ಯಾಯಾಧೀಶರು ಕರೆದು ಮಾತಾಡಿಸಿಯಾರು. ಅವನಿಗೆ ಪಾಠ ಹೇಳಿಕೊಟ್ಟು ಕಳಿಸ್ಬೇಡಿ. ಮಗುವಿಗೆ ಅದೊಂದು ದೊಡ್ಡ ಭಾರ, ಹೇಳಿಕೊಟ್ಟ ಮಾತು ಅವರಿಗೆ ಗೊತ್ತಾಗದೆಯೂ ಇರುದಿಲ್ಲ.

ಭೇಟಿಯ ಆದೇಶದಲ್ಲಿ "ತಿಂಗಳಿಗೆ ಎರಡು ಸಲ" ಅಂತ ಮಾತ್ರ ಇದ್ದರೆ ಪ್ರತಿ ಸಲ ಜಗಳ. ಎರಡನೇ, ನಾಲ್ಕನೇ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5, ಎಲ್ಲಿ ಒಪ್ಪಿಸುವುದು, ಯಾರು ಕರೆದುಕೊಂಡು ಬರುವುದು, ಮಗುವಿಗೆ ಜ್ವರ ಬಂದರೆ ಬದಲಿ ದಿನ ಯಾವುದು, ಹೀಗೆ ಬಿಡಿಸಿ ಬರೆಸಿ. ಗಡಿಯ ತಲಪಾಡಿಯಲ್ಲಿ ರಸ್ತೆ ಬದಿ ಕೈ ಬದಲಾಯಿಸುವುದು ಬೇಡ, ಇಬ್ಬರಿಗೂ ಒಪ್ಪಿಗೆ ಇರುವ ಸಂಬಂಧಿಕರ ಮನೆ ಒಳ್ಳೆಯದು. ರಜೆಯ ವಿಷಯ ವಿಶೇಷವಾಗಿ ನೋಡಿ. ಮಂಗಳೂರು ಕಡೆಯವರು ದಸರಾ ರಜೆಯ ಅರ್ಧ ಅಂತ ಬರೆಸ್ತಾರೆ. ನಮ್ಮ ಮಕ್ಕಳಿಗೆ ಕೇರಳದ ಶಾಲೆ, ನಡು ವರ್ಷದ ಉದ್ದ ರಜೆ ಓಣಂ ಮತ್ತು ಕ್ರಿಸ್‌ಮಸ್‌ಗೆ. ಅದನ್ನೇ ಹಂಚಿಕೊಳ್ಳಿ.

ಆದೇಶ ಆದ ಮೇಲೆ ದುಡ್ಡು ಬ್ಯಾಂಕ್ ಖಾತೆಗೇ ಬರ್ಲಿ. ಬಾಕಿ ಬಿದ್ದರೆ, ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಕೊಡ್ಬೇಕು, ಅದು ದಾಟಿದ ಮೇಲೆ ಆ ದಾರಿಯಲ್ಲಿ ವಾರಂಟ್ ಸಿಗುದಿಲ್ಲ. ಅವನು ಮಂಗಳೂರಿನಲ್ಲಿದ್ದರೂ ಆದೇಶ ಅಲ್ಲಿ ಜಾರಿ ಆಗ್ತದೆ. ಬಾಕಿ ಕೊಡದೆ ಜೈಲಿಗೆ ಹೋಗಿ ಬಂದರೂ ಬಾಕಿ ಹಾಗೇ ನಿಲ್ತದೆ.

ಹಿರಿಯರು ಕೂತು ಛಾಪಾ ಕಾಗದದಲ್ಲಿ, ಇಷ್ಟು ದುಡ್ಡು ಒಟ್ಟಿಗೆ ಕೊಡ್ತೇವೆ, ಇನ್ನು ಮಕ್ಕಳ ಖರ್ಚು ಕೇಳ್ಬಾರದು ಅಂತ ಬರೆಸಿದರೆ ಮಗಳು ಸಹಿ ಹಾಕ್ಬಾರದು. ಮಕ್ಕಳ ಹಕ್ಕನ್ನು ಬಿಟ್ಟುಕೊಡ್ಲಿಕ್ಕೆ ತಾಯಿಗೂ ಅಧಿಕಾರ ಇಲ್ಲ. ರಾಜಿ ಆದರೆ ಕೋರ್ಟಿನಲ್ಲೇ ದಾಖಲಾಗ್ಲಿ. ಈ ವಾರವೇ ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ, ಆಧಾರ್, ಅವನ ಸಂಬಳದ ಚೀಟಿ ಏನಾದರೂ ಇದ್ದರೆ ಅದು, ಎರಡೆರಡು ಪ್ರತಿ ಮಾಡಿಸಿ ಅವಳನ್ನು ವಿದ್ಯಾನಗರಕ್ಕೆ ಕಳಿಸಿ.