ಹೂಜಿ ಗಿಡ ಒಣಗಿದೆ, ದಿನಾ ನೀರು ಹಾಕಿದರೂ ಚೇತರಿಸುತ್ತಿಲ್ಲ

ತಾರಸಿ_ತೋಟ:
ತಲೆ ಕೆಟ್ಟು ಹೋಗಿದೆ. ಏಪ್ರಿಲ್‌ನಲ್ಲಿ ಅಕ್ಕನ ಮಗಳ ಮದುವೆಗೆ ಎಂಟು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ನನ್ನ ಹುಳ ತಿನ್ನುವ ಹೂಜಿ ಗಿಡದ (ಪಿಚರ್ ಪ್ಲಾಂಟ್) ಹೂಜಿಗಳೆಲ್ಲ ಕಂದು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ಎಲೆ ಜೋತು ಬಿದ್ದಿದೆ. ಹತ್ತು ದಿನದಿಂದ ಎರಡು ಹೊತ್ತೂ ನೀರು ಹಾಕುತ್ತಿದ್ದೇನೆ. ಊಹೂಂ. ಬೇಗ ಏನಾದರೂ ಹೇಳಿ.

ಪಾಚಿಮನೆ:
ಯಾವ ಬಗೆಯದು, ಎಲೆ ತುದಿಯಲ್ಲಿ ಹೂಜಿ ನೇತಾಡುವ ನೆಪೆಂಥಿಸ್ಸಾ, ನೆಲದಿಂದ ನೆಟ್ಟಗೆ ಏಳುವ ಸಾರಾಸೀನಿಯಾನಾ? ಯಾವ ಊರು, ಯಾವ ನೀರು? ಫೋಟೋ ಹಾಕಿ.

ತಾರಸಿ_ತೋಟ:
ಹೂಜಿ ಗಿಡ ಅಂದೆನಲ್ಲ! ನೇತಾಡುವ ಕುಂಡದ್ದು. ಬೆಂಗಳೂರು. ನಲ್ಲಿ ನೀರು.

ಟಿಡಿಎಸ್_ಮೇಷ್ಟ್ರು:
ಕಳ್ಳ ಸಿಕ್ಕಿಬಿದ್ದ. ಈ ಗಿಡಕ್ಕೆ ಟಿಡಿಎಸ್, ಅಂದರೆ ಕರಗಿದ ಲವಣ, 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಒಳಗಿನ ನೀರು ಬೇಕು, 100ರವರೆಗೆ ಹೇಗೋ ನಡೆಯುತ್ತದೆ. ನಿಮ್ಮ ನಲ್ಲಿಯಲ್ಲಿ ಬೋರ್ ನೀರು ಬಂದರೆ 500 ದಾಟಿದರೂ ಆಶ್ಚರ್ಯವಿಲ್ಲ. ಮೊದಲು ಟಿಡಿಎಸ್ ಮೀಟರ್ ತೆಗೆದುಕೊಳ್ಳಿ.

ತಾರಸಿ_ತೋಟ:
ಎರಡು ವರ್ಷ ಇದೇ ನೀರು ಕುಡಿದು ಚೆನ್ನಾಗಿತ್ತಲ್ಲ ಸರ್?

ಟಿಡಿಎಸ್_ಮೇಷ್ಟ್ರು:
ಲವಣ ನಿಧಾನಕ್ಕೆ ಸೇರುತ್ತದೆ. ಆರ್‌ಒ ನೀರು ಹಾಕಿ. ಖನಿಜ ಸೇರಿಸುವ ಫಿಲ್ಟರ್ ಆದರೆ ಅದನ್ನೂ ಅಳೆದೇ ಹಾಕಿ.

ಬಾಲ್ಕನಿ_ಭಟ್ಟ:
ಎಸಿಯಿಂದ ಹನಿಯುವ ನೀರು ಹಿಡಿಯಿರಿ. ಪುಕ್ಕಟೆ.

ಟಿಡಿಎಸ್_ಮೇಷ್ಟ್ರು:
ಅದರಲ್ಲಿ ಕಾಯಿಲ್‌ನ ಧೂಳು, ತಾಮ್ರ ಎಲ್ಲ ಬರುತ್ತದೆ. ಸುಮ್ನೆ ಏನೇನೋ ಹೇಳಬೇಡಿ.

ಬಾಲ್ಕನಿ_ಭಟ್ಟ:
ಮೂರು ವರ್ಷದಿಂದ ಹಾಕುತ್ತಿದ್ದೇನೆ ಮೇಷ್ಟ್ರೇ. ನನ್ನ ಗಿಡಕ್ಕೆ ನಿಮ್ಮ ಪಾಠ ಗೊತ್ತಿಲ್ಲ.

ಮಲೆನಾಡು_ಹುಡುಗ:
ನಮಗೆ ಈ ರಗಳೆಯೇ ಇಲ್ಲ, ಮಳೆ ನೀರು ನಾಲ್ಕು ಡ್ರಮ್ ತುಂಬಿಟ್ಟಿದ್ದೇನೆ. ನಾಲ್ಕು ಅಡಿ ಗಾಜಿನ ಪೆಟ್ಟಿಗೆ, ಮಂಜು ಬಿಡುವ ಯಂತ್ರ, ಎಲ್‌ಇಡಿ. ಖಾಸಿಯಾನಾದಲ್ಲಿ ಈಗ ಹನ್ನೊಂದು ಹೂಜಿ!

ಪಾಚಿಮನೆ:
ಖಾಸಿಯಾನಾ ಎಲ್ಲಿಂದ ತಂದಿರಿ? ನಮ್ಮ ದೇಶದ ಒಂದೇ ನೆಪೆಂಥಿಸ್ ಅದು. ಮೇಘಾಲಯದ ಕಾಡಿನಿಂದ ಕಿತ್ತದ್ದಲ್ಲ ತಾನೇ?

ಮಲೆನಾಡು_ಹುಡುಗ:
ಟಿಶ್ಯೂ ಕಲ್ಚರ್‌ದು ಮಾರಾಯ್ರೇ, ಲ್ಯಾಬ್‌ನಲ್ಲಿ ಬೆಳೆಸಿದ್ದು. ಬಿಲ್ ಇದೆ.

ಪಾಚಿಮನೆ:
ಸರಿ. ತಾರಸಿಯವರೇ, ನೀರು ಹಾಕಿದ ಮೇಲೆ ಕುಂಡ ಎತ್ತಿ ನೋಡಿದಿರಾ? ಭಾರ ಇದೆಯಾ?

ತಾರಸಿ_ತೋಟ:
ಬೆಂಡಿನ ಹಾಗೆ ಹಗುರ. ಹಾಕಿದ ನೀರು ತಕ್ಷಣ ಕೆಳಗೆ ಸುರಿಯುತ್ತದೆ. ನೀರು ನಿಲ್ಲಬಾರದು ಅಂತಾರಲ್ಲ, ಒಳ್ಳೆಯದೇ ಅಂದುಕೊಂಡೆ.

ಪಾಚಿಮನೆ:
ಹಾಗಾದರೆ ಬೇರಿಗೆ ನೀರೇ ಮುಟ್ಟಿಲ್ಲ. ಕುಂಡದಲ್ಲಿರುವ ಪೀಟ್ (ಕೊಳೆತ ಪಾಚಿಯ ಮಣ್ಣು) ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಹೀರುವುದಿಲ್ಲ, ತಳ್ಳುತ್ತದೆ. ಬೇರಿನ ಮುದ್ದೆ ಕುಗ್ಗಿ ಕುಂಡದ ಅಂಚು ಬಿಟ್ಟಿರುತ್ತದೆ, ನೀರು ಆ ಸಂದಿಯಲ್ಲೇ ಜಾರಿ ಹೋಗುತ್ತದೆ. ಆರ್‌ಒ ಅಥವಾ ಮಳೆ ನೀರಿನ ಬಕೆಟ್‌ನಲ್ಲಿ ಕುಂಡವನ್ನು ಅಂಚಿನವರೆಗೆ ಅದ್ದಿ. ಗುಳ್ಳೆ ಏಳುವುದು ನಿಲ್ಲಬೇಕು, ಅರ್ಧ ಗಂಟೆಯಾದರೂ ಬೇಕು. ತೇಲಿದರೆ ಕೈಯಲ್ಲಿ ಒತ್ತಿ ಹಿಡಿಯಿರಿ. ಆಮೇಲೆ ನೀರು ಬಸಿಯಲು ಬಿಡಿ.

ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಒಣ ಹೂಜಿ ಕತ್ತರಿಸಿ, ಹಸಿರೆಲೆ ಮುಟ್ಟಬೇಡಿ. ತೆಳು ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಬಿಸಿಲಿಗಿಟ್ಟರೆ ಒಳಗೇ ಬೆಂದು ಹೋಗುತ್ತದೆ. ಹಳೆ ಎಲೆಯಲ್ಲಿ ಮತ್ತೆ ಹೂಜಿ ಬರುವುದಿಲ್ಲ, ಕಾಯಬೇಡಿ. ಗೊಬ್ಬರ ಮಾತ್ರ ಬೇಡ.

ತಾರಸಿ_ತೋಟ:
ಬಂದ ದಿನವೇ ಒಂದು ಹಿಡಿ ಎರೆಗೊಬ್ಬರ ಹಾಕಿದ್ದೆ. ಅದನ್ನೂ ಹೇಳಬೇಕಿತ್ತಾ?

ಬಾಲ್ಕನಿ_ಭಟ್ಟ:
😂

ಟಿಡಿಎಸ್_ಮೇಷ್ಟ್ರು:
ನಾನು ಲವಣ ಅಂದಾಗ ಯಾರೂ ಕೇಳಲಿಲ್ಲ.

ಪಾಚಿಮನೆ:
ಮೇಲಿನ ಪದರ ಕೆರೆದು ತೆಗೆಯಿರಿ. ಅದ್ದಿದ ಮೇಲೆ ಎರಡು ಮೂರು ಲೀಟರ್ ಆರ್‌ಒ ನೀರು ಮೇಲಿಂದ ಸುರಿದು ತೊಳೆಯಿರಿ.

ತಾರಸಿ_ತೋಟ (ಐದು ವಾರದ ನಂತರ):
ಮೇಲಿನ ತುದಿ ಸತ್ತೇ ಹೋಯಿತು. ಆದರೆ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಾಣುತ್ತಿದೆ. ಮೊಳಕೆಯಾ, ಪಾಚಿಯಾ?

ಪಾಚಿಮನೆ:
ಫೋಟೋ!

ಹೊಸಬ_ಹುಬ್ಬಳ್ಳಿ:
ನಂದೂ ಹಿಂಗ ಒಣಗೇದರಿ. ಸಾರಾಸೀನಿಯಾ. ತಟ್ಟೆಯೊಳಗ ನೀರು ನಿಲ್ಲಿಸೇ ಇಟ್ಟಿದ್ದೆ. ಇದನ್ನೂ ಅದ್ದಬೇಕೇನ್ರಿ?

ಮಲೆನಾಡು_ಹುಡುಗ:
ಹನ್ನೆರಡನೇ ಹೂಜಿ ಬಾಯಿ ತೆರೆಯಿತು.