ಚರ್ಮಗಂಟು ರೋಗ: ಗಂಟೇಳದ ದನಗಳನ್ನು ಬೇರೆಡೆ ಸಾಗಿಸಬಹುದೇ?

ಪ್ರಶ್ನೆ:
ಕೊಟ್ಟಿಗೆಯಲ್ಲಿ ಒಂದು ಹಸುವಿಗೆ ಜ್ವರ ಬಂದು ಮೈತುಂಬ ಗಂಟೆದ್ದಿದೆ. ಚರ್ಮಗಂಟು ರೋಗವೆಂದು ವೈದ್ಯರು ಹೇಳಿದ್ದಾರೆ. ಉಳಿದವು ಚೆನ್ನಾಗಿ ಮೇಯುತ್ತಿವೆ. ಅವನ್ನು ದೂರದ ಇನ್ನೊಂದು ಕೊಟ್ಟಿಗೆಗೆ ಸಾಗಿಸಲೇ? ಅಲ್ಲೂ ದನಗಳಿವೆ. ಈಗ ಲಸಿಕೆ ಹಾಕಿಸಿದರೆ ಪ್ರಯೋಜನವುಂಟೇ?

ಉತ್ತರ 1:
ದಯವಿಟ್ಟು ಸಾಗಿಸಬೇಡಿ. ಈ ರೋಗ ದೂರದೂರಕ್ಕೆ ಹಬ್ಬುವುದು ಹೆಚ್ಚಾಗಿ ವಾಹನ ಹತ್ತಿದ ದನಗಳ ಜೊತೆಗೇ. ಸೋಂಕು ತಗುಲಿ ಗಂಟೇಳಲು ಒಂದೆರಡು ವಾರ, ಕೆಲವೊಮ್ಮೆ ನಾಲ್ಕು ವಾರವೂ ಹಿಡಿಯುತ್ತದೆ. ಗಂಟೇ ಏಳದೆ ರಕ್ತದಲ್ಲಿ ವೈರಾಣು ಹೊತ್ತಿರುವ ದನಗಳೂ ಉಂಟು. ಕೊನೆಯ ರೋಗಿ ಕಂಡ ಮೇಲೆ ಕನಿಷ್ಠ 28 ದಿನ ಯಾವುದನ್ನೂ ಹೊರಗೆ ಬಿಡಬೇಡಿ. ದಿನಕ್ಕೆರಡು ಸಲ ಜ್ವರ ಅಳೆಯಿರಿ. ಏರಿದ್ದನ್ನು ಗಂಟಿಗೆ ಕಾಯದೆ ಬೇರೆ ಕಟ್ಟಿ.

ಉತ್ತರ 2:
ಬೇರೆ ಕಟ್ಟಿದ ಮಾತ್ರಕ್ಕೆ ಮುಗಿಯದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳೇ ರೋಗ ಹೊರುವವು. ರಕ್ತ ಹೀರುತ್ತಿದ್ದ ನೊಣವನ್ನು ದನ ಬಾಲ ಬೀಸಿ ಓಡಿಸಿದರೆ ಅದು ಅರೆಹೊಟ್ಟೆಯಲ್ಲೇ ಪಕ್ಕದ ದನಕ್ಕೆ ಚುಚ್ಚುತ್ತದೆ. ಸೊಂಡಿಲಿಗಂಟಿದ ವೈರಾಣು ಅಲ್ಲಿಗಿಳಿಯುತ್ತದೆ. ನೊಣದ ಔಷಧವನ್ನು ಬೆನ್ನಿಗಷ್ಟೇ ಹೊಡೆದರೆ ಸಾಲದು, ಕೊಟ್ಟಿಗೆ ನೊಣ ಹೆಚ್ಚಾಗಿ ಕೂರುವುದು ಕಾಲಿಗೆ. ಅದು ಹುಟ್ಟುವುದು ಮೇವಿನ ಕಸ ಬೆರೆತು ಕೊಳೆತ ಒದ್ದೆ ಸಗಣಿಯಲ್ಲಿ. ಮೊಟ್ಟೆ ನೊಣವಾಗಲು ಎರಡು-ಮೂರು ವಾರ ಬೇಕು, ಹಾಗಾಗಿ ವಾರಕ್ಕೆರಡು ಬಾರಿ ಮೂಲೆಮೂಲೆ ಕೆರೆದು ತೆಗೆಯಿರಿ, ತಿಪ್ಪೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ.

ಒಣಗಿದ ಹಕ್ಕಳೆಯಲ್ಲಿ ವೈರಾಣು 35 ದಿನದವರೆಗೂ ಬದುಕುತ್ತದೆ. ಗುಡಿಸಿ ಸುಡಿ. ನೆಲವನ್ನು ಮೊದಲು ಚೆನ್ನಾಗಿ ತೊಳೆದು ಆಮೇಲೆ 2-3% ಸೋಡಿಯಂ ಹೈಪೋಕ್ಲೋರೈಟ್ ಹಾಕಿ; ಸಗಣಿಯ ಮೇಲೆ ಸುರಿದರೆ ಕ್ಲೋರಿನ್ ಸಗಣಿಗೇ ಖರ್ಚಾಗಿಬಿಡುತ್ತದೆ.

ಉತ್ತರ 3:
ಲಸಿಕೆಯ ಪೂರ್ತಿ ರಕ್ಷಣೆಗೆ ಸುಮಾರು ಮೂರು ವಾರ ಬೇಕು. ಈಗಾಗಲೇ ಸೋಂಕು ಒಳಹೊಕ್ಕ ದನಕ್ಕೆ ಚುಚ್ಚಿಸಿದ ಮೇಲೂ ಗಂಟೇಳಬಹುದು; ಅದು ಲಸಿಕೆಯ ತಪ್ಪಲ್ಲ. ಆದ್ದರಿಂದ ಸುತ್ತಲಿನ, ಇನ್ನೂ ರೋಗ ಬಾರದ ಹಿಂಡುಗಳಿಗೆ ಮೊದಲು ಹಾಕಿಸಬೇಕು, ನಿಮ್ಮ ಆ ಇನ್ನೊಂದು ಕೊಟ್ಟಿಗೆಗೂ. ನೀತ್ಲಿಂಗ್ ತಳಿಯ ಲಸಿಕೆ (ಚರ್ಮಗಂಟಿನ ವೈರಾಣುವನ್ನೇ ದುರ್ಬಲಗೊಳಿಸಿ ಮಾಡಿದ್ದು) ಸಿಗುವಲ್ಲಿ ಕುರಿ ಸಿಡುಬಿನದ್ದಕ್ಕೆ ಹೋಗಬೇಡಿ, ಅದರ ರಕ್ಷಣೆ ಕಡಿಮೆ. 2016ರಲ್ಲಿ ಆಗ್ನೇಯ ಯುರೋಪಿನ ಬಾಲ್ಕನ್ ದೇಶಗಳಿಗೆ ಹಬ್ಬಿದ ರೋಗ ಹತೋಟಿಗೆ ಬಂದದ್ದು ಇಡೀ ಪ್ರದೇಶದ ದನಗಳಿಗೆ ನೀತ್ಲಿಂಗ್ ಲಸಿಕೆ ಹಾಕಿದ ಮೇಲೆಯೇ.

ಪ್ರತಿ ದನಕ್ಕೂ ಹೊಸ ಸೂಜಿ ಇರಲಿ. ಒಂದೇ ಸೂಜಿ ಬಳಸಿದರೆ ಅದೂ ನೊಣದ ಕೆಲಸವನ್ನೇ ಮಾಡುತ್ತದೆ. ಇದು ಜೀವಂತ ಲಸಿಕೆ. 2-8 ಡಿಗ್ರಿಯಲ್ಲಿಡಿ, ಬಿಸಿಲು ತಾಗಿಸಬೇಡಿ. ಸ್ಪಿರಿಟ್‌ನಿಂದ ತೊಳೆದ ಸಿರಿಂಜಿಗೆ ತುಂಬಿದರೆ ಲಸಿಕೆಯೇ ಸತ್ತುಹೋಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ಸಾಗಿಸುವುದಿಲ್ಲ. ಹಾಲು ಬಳಸಬಹುದೇ?

ಉತ್ತರ 1:
ಇದು ಮನುಷ್ಯರಿಗೆ ಅಂಟುವುದಿಲ್ಲ. ಉಳಿದ ಹಸುಗಳ ಹಾಲನ್ನು ಕುದಿಸಿ ಬಳಸಿ. ರೋಗದ ಹಸುವಿಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಅದರ ಹಾಲು ಚೆಲ್ಲಬೇಕು. ಅದನ್ನು ಕೊನೆಯಲ್ಲಿ ಕರೆಯಿರಿ.